ಕೇಳುವ ಮುನ್ನ ಒಂದು ವಾಕ್ಯ

ಚಿಕ್ಕಬಳ್ಳಾಪುರದ ಮಗ್ಗುಲಲ್ಲಿರುವ ಸ್ಕಂದಗಿರಿಯನ್ನು ಆ ಸೀಮೆಯ ಹಳಬರು ಇಂದಿಗೂ ಕಳವಾರ ದುರ್ಗವೆಂದೇ ಕರೆಯುತ್ತಾರೆ. ಸುಮಾರು 1450 ಮೀಟರ್ ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ ಪಾಳು ಕೋಟೆಯೊಂದಿದೆ. ಚಳಿಗಾಲದ ನಸುಕಿನಲ್ಲಿ ಅಲ್ಲಿ ನಿಂತವರಿಗೆ ಮೋಡಗಳು ಕಾಲ ಕೆಳಗೆ ಹಾಸಿದ ಅರಳೆಯಂತೆ ಕಾಣುತ್ತವೆ. ಆ ನೋಟಕ್ಕಾಗಿ ಶನಿವಾರ ಬಂತೆಂದರೆ ಬೆಂಗಳೂರಿನಿಂದ ಯುವಕ ಯುವತಿಯರು ದಂಡುದಂಡಾಗಿ ಬರುತ್ತಾರೆ. ಬೆಟ್ಟ ಹತ್ತಲು ಅರಣ್ಯ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸಬೇಕು. ಗುರುತಿನ ಚೀಟಿ ಜೊತೆಗಿರಬೇಕು. ಹಿಂದಿನ ರಾತ್ರಿ ತಂಗುವವರಿಗೆಂದು ಸುತ್ತಿನ ಹಳ್ಳಿಗಳಲ್ಲಿ ತೋಟದ ಮನೆಗಳೂ ಹೋಂಸ್ಟೇಗಳೂ ಎದ್ದಿವೆ.

ಇಂಥ ಒಂದು ಮನೆಯ ಬಾಗಿಲಲ್ಲಿ ನಡೆಯುವ ವ್ಯವಹಾರವನ್ನು ನೆನೆಯೋಣ. ಐವರು ಗೆಳೆಯರು ಬಂದರು. ಯಜಮಾನ, “ಎಲ್ಲರ ಆಧಾರ್ ಫೋಟೋ ತೆಗೆದು ನನ್ನ ವಾಟ್ಸಾಪಿಗೆ ಹಾಕಿಬಿಡಿ ಸಾರ್, ಅಷ್ಟೇ ಸಾಕು” ಎಂದ. ಐದು ಚಿತ್ರಗಳು ಅವನ ಫೋನಿಗೆ ಹೋದವು. ಬಂದವರು ಉಂಡರು, ಮಲಗಿದರು, ನಸುಕಿನಲ್ಲಿ ಬೆಟ್ಟ ಹತ್ತಿದರು, ಭಾನುವಾರ ಸಂಜೆಗೆ ಊರು ಸೇರಿದರು. ಅವರ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ, ಮುಖ, ಹನ್ನೆರಡು ಅಂಕಿಯ ಸಂಖ್ಯೆ ಮಾತ್ರ ಸ್ಕಂದಗಿರಿಯ ತಪ್ಪಲಿನಲ್ಲೇ ಉಳಿದವು. ಅದೇ ಫೋನನ್ನು ಯಜಮಾನನ ಮಗ ಆಟವಾಡಲು ತೆಗೆದುಕೊಳ್ಳುತ್ತಾನೆ. ಕೆಟ್ಟರೆ ಅದು ರಿಪೇರಿ ಅಂಗಡಿಗೆ ಹೋಗುತ್ತದೆ. ಹಳತಾದರೆ ಸಂತೆಯಲ್ಲಿ ಕೈ ಬದಲಾಗುತ್ತದೆ. ಯಜಮಾನ ಕೆಟ್ಟವನಲ್ಲ. ಎಲ್ಲರೂ ಕೇಳುತ್ತಾರೆಂದು ಅವನೂ ಕೇಳಿದ. ಎಲ್ಲರೂ ಕೊಡುತ್ತಾರೆಂದು ಇವರೂ ಕೊಟ್ಟರು.

ಈ ‘ಎಲ್ಲರೂ’ ಎಂಬ ಮಾತಿಗೆ ಎದುರಾಗಿ ಈಗ ಒಂದು ಕಾನೂನು ಬಂದು ನಿಂತಿದೆ. ಅದರ ಹೆಸರು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023. ಹೆಸರು ಕೇಳಿದೊಡನೆ ಇದು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕುಳಿತವರ ತಲೆನೋವು, ಚಿಂತಾಮಣಿಯ ಮಂಡಿಗೂ ಶಿಡ್ಲಘಟ್ಟದ ರೇಷ್ಮೆ ಕಾರ್ಖಾನೆಗೂ ಇದರಿಂದೇನು ಎಂದು ಅನ್ನಿಸುವುದು ಸಹಜ. ಆದರೆ ಈ ಕಾನೂನು ಅಂಗಡಿಯ ಉದ್ದಗಲ ಅಳೆದು ಆರಂಭವಾಗುವುದಿಲ್ಲ. ಮತ್ತೊಬ್ಬರ ವಿವರವನ್ನು ಫೋನಿನಲ್ಲೋ ಗಣಕದಲ್ಲೋ ಇಟ್ಟುಕೊಂಡು ವ್ಯವಹಾರ ಮಾಡುವ ಯಾರೇ ಆಗಲಿ ಅದರ ಬಾಗಿಲೊಳಗೆ ಬರುತ್ತಾರೆ. ಮನೆಮಾತಿನ, ಸ್ವಂತದ ಬಳಕೆಗೆ ಮಾತ್ರ ವಿನಾಯಿತಿಯಿದೆ. ನೆಂಟರಿಷ್ಟರ ನಂಬರುಗಳನ್ನು ನಾವು ನೀವು ಇಟ್ಟುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಕಾನೂನಿನ ಹಿನ್ನೆಲೆಯಲ್ಲಿ ಕನ್ನಡಿಗರೊಬ್ಬರ ಹೆಸರಿದೆ. ಅದನ್ನು ಹೇಳದೆ ಮುಂದೆ ಹೋಗುವುದು ಉಚಿತವಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಖಾಸಗಿತನವೆಂಬುದು ನಮ್ಮ ಸಂವಿಧಾನದಲ್ಲಿ ಮೂಲಭೂತ ಹಕ್ಕೇ ಹೌದೇ ಎಂಬ ಪ್ರಶ್ನೆ ಆ ಮೊಕದ್ದಮೆಯಿಂದ ಎದ್ದಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೌದೆಂದಿತು. ಆ ತೀರ್ಪು ಇಂದು ದೇಶದ ನ್ಯಾಯಾಲಯಗಳಲ್ಲೆಲ್ಲ ಪುಟ್ಟಸ್ವಾಮಿ ತೀರ್ಪೆಂದೇ ಪ್ರಸಿದ್ಧ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ತೀರ್ಪಿನಿಂದ ಕಾನೂನಿನವರೆಗಿನ ದಾರಿ ಮಾತ್ರ ನೇರವಾಗಿರಲಿಲ್ಲ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ಜುಲೈಯಲ್ಲಿ ವರದಿ ಕೊಟ್ಟಿತು; 2019ರಲ್ಲಿ ಮಸೂದೆ ಬಂತು; ಜಂಟಿ ಸಂಸದೀಯ ಸಮಿತಿಯ ಕೈಯಲ್ಲಿ ಎರಡು ವರ್ಷ ಕಳೆದು 2022ರ ಆಗಸ್ಟಿನಲ್ಲಿ ಅದು ವಾಪಸಾಯಿತು. ಹೊಸದಾಗಿ ಬರೆದ ಚಿಕ್ಕ ಮಸೂದೆ 2023ರ ಆಗಸ್ಟಿನ ಒಂದೇ ವಾರದಲ್ಲಿ ಎರಡೂ ಸದನಗಳನ್ನು ದಾಟಿತು. ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಐದು ವರ್ಷ ಚರ್ಚಿಸಿದ್ದನ್ನು ಐದು ದಿನಗಳಲ್ಲಿ ಮುಗಿಸಿದ್ದು ನಮ್ಮ ಸಂಸತ್ತಿನ ವೈಚಿತ್ರ್ಯಗಳಲ್ಲೊಂದು. ಅಂಕಿತವಾದರೂ ನಿಯಮಗಳಿಲ್ಲದೆ ಕಾನೂನು ಮತ್ತೆರಡು ವರ್ಷ ಪೆಟ್ಟಿಗೆಯಲ್ಲೇ ಇತ್ತು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ದತ್ತಾಂಶ ಸಂರಕ್ಷಣಾ ಮಂಡಳಿಯನ್ನು ಸ್ಥಾಪಿಸುವ ಭಾಗ ಕೂಡಲೇ ಜಾರಿಗೆ ಬಂತು. ವರ್ತಕರ ಮೇಲೆ ಬೀಳುವ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಯಿತು. ಆ ಲೆಕ್ಕ ಹಿಡಿದರೆ ಗಡುವು 2027ರ ಮೇ ತಿಂಗಳು. ಸಿದ್ಧತೆಯ ಮಾತು ಹುಟ್ಟಿದ್ದು ಈ ಹದಿನೆಂಟು ತಿಂಗಳುಗಳಿಂದ.

ಸಿದ್ಧತೆಯೆಂದೊಡನೆ ಮಾರುವವರು ಹೊರಟಿದ್ದಾರೆ. ತಂತ್ರಾಂಶ ಕೊಳ್ಳಿ, ಸಲಹೆಗಾರರನ್ನು ನೇಮಿಸಿ, ಪ್ರಮಾಣಪತ್ರ ಪಡೆಯಿರಿ ಎನ್ನುತ್ತಾರೆ. ದೊಡ್ಡ ಸಂಸ್ಥೆಗಳಿಗೆ ಇವು ಬೇಕಾದೀತು. ಆದರೆ ನಮ್ಮ ಊರುಗಳ ವರ್ತಕನಿಗೆ ಮೊದಲು ಬೇಕಾದದ್ದು ಯಂತ್ರವಲ್ಲ, ಒಂದು ವಾಕ್ಯ. “ನಿಮ್ಮಿಂದ ಇಂಥದನ್ನು ಪಡೆಯುತ್ತಿದ್ದೇನೆ, ಇಂಥ ಕೆಲಸಕ್ಕೆ, ಇಷ್ಟು ಕಾಲಕ್ಕೆ” ಎಂದು ಎದುರಿಗೆ ನಿಂತ ಗಿರಾಕಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬಲ್ಲ ವಾಕ್ಯ. ಆ ವಾಕ್ಯವನ್ನು ಪ್ರಾಮಾಣಿಕವಾಗಿ ಬರೆಯಲಾಗದಿದ್ದರೆ ಆ ವಿವರವನ್ನು ಕೇಳುವ ಹಕ್ಕೂ ತನಗಿಲ್ಲವೆಂದು ಅವನು ತಿಳಿಯಬೇಕು. ಕಾನೂನಿನ ನಲವತ್ತನಾಲ್ಕು ಪ್ರಕರಣಗಳನ್ನು ಓದಿದ ಮೇಲೆ ನನಗೆ ಕಂಡ ತಿರುಳು ಇದು.

ಮೊದಲಿಗೆ, ಯಾವ ವಿವರ ಇದರ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ನೋಡಬೇಕು. ಕೆಲವು ವರ್ಷಗಳ ಹಿಂದೆ ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಹುರಿಗಡಲೆ ಕೊಂಡೆ. ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ ಅದು ಯಾವುದೋ ಹೆಣ್ಣುಮಗಳ ಸಾಲದ ಅರ್ಜಿ. ಭಾವಚಿತ್ರ, ಗಂಡನ ಹೆಸರು, ಖಾತೆಯ ಸಂಖ್ಯೆ, ತಿಂಗಳ ಆದಾಯ, ಇರುವ ಹಳೆಯ ಸಾಲ, ಎಲ್ಲವೂ ಅಲ್ಲಿತ್ತು. ಯಾವ ಸಂಸ್ಥೆಯ ಅರ್ಜಿಯೆಂಬುದು ಇಲ್ಲಿ ಬೇಡ. ಆ ಹಾಳೆಯನ್ನು ಎಸೆಯಲು ಮನಸ್ಸಾಗದೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದೆ. ಮನೆಯಲ್ಲಿ ಒಲೆಗೆ ಹಾಕಿದೆ. ಬರಿಯ ಕಾಗದದಲ್ಲೇ ಉಳಿದ ಇಂಥ ಅರ್ಜಿ ಈ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಅದೇ ಅರ್ಜಿಯನ್ನು ಗಣಕಕ್ಕೆ ಏರಿಸಿದರೆ, ಫೋನಿನಲ್ಲಿ ಚಿತ್ರ ತೆಗೆದರೆ, ಆ ಡಿಜಿಟಲ್ ಪ್ರತಿಗೆ ಕಾನೂನು ಅನ್ವಯಿಸುತ್ತದೆ. ಕೆಂಪು ಬಟ್ಟೆ ಹೊದಿಸಿದ ಕಿರ್ದಿ ಪುಸ್ತಕದಲ್ಲಿ ಬರೆದ ಬಾಕಿಗೆ ಇದು ತಾಗದು. ಫೋನಿನ ಖಾತೆ ಆ್ಯಪ್‌ನಲ್ಲಿ ಬರೆದ ಅದೇ ಬಾಕಿಗೆ ತಾಗುತ್ತದೆ. ಕಾಗದವನ್ನು ಹೊರಗಿಟ್ಟದ್ದು ಈ ಕಾನೂನಿನ ಕೊರತೆಯೆಂದೇ ನನ್ನ ಎಣಿಕೆ.

ವಿವರ ಪಡೆದವನನ್ನು ಕಾನೂನಿನ ಇಂಗ್ಲಿಷ್ ಪಠ್ಯ ಕರೆಯುವ ಹೆಸರು ‘ಡೇಟಾ ಫಿಡ್ಯೂಶಿಯರಿ’. ಕೇಳಲು ಒರಟಾದರೂ ಅದರೊಳಗಿನ ಭಾವ ನಮಗೆ ಹೊಸದಲ್ಲ. ಅದು ನಂಬಿಕೆಯ ಮೇಲೆ ಇಟ್ಟುಕೊಂಡವನು ಎಂಬ ಅರ್ಥದ್ದು. ಹನ್ನೊಂದನೆಯ ಶತಮಾನದ ಕೊನೆಯ ಹೊತ್ತಿಗೆ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆ ಸ್ಮೃತಿಯಲ್ಲಿ ಉಪನಿಧಿ ಎಂಬ ಪ್ರಕರಣವೇ ಇದೆ. ಒಳಗೇನಿದೆಯೆಂದು ಹೇಳದೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬನ ಕೈಗೆ ಕೊಟ್ಟ ವಸ್ತುವೇ ಉಪನಿಧಿ. ಅದನ್ನು ಕೊಟ್ಟಂತೆಯೇ ಹಿಂದಿರುಗಿಸಬೇಕು. ಇಟ್ಟುಕೊಂಡವನು ತನ್ನ ಇಚ್ಛೆಯಂತೆ ಅದನ್ನು ಬಳಸಿ ಬದುಕಿದರೆ ಅವನಿಗೆ ದಂಡ. ವಸ್ತುವನ್ನು ಲಾಭಸಮೇತ ಮರಳಿಸಬೇಕು. ರಾಜನೋ ದೈವವೋ ಕಳ್ಳರೋ ಅದನ್ನು ಅಪಹರಿಸಿದರೆ ಮಾತ್ರ ಅವನ ಮೇಲೆ ಹೊಣೆಯಿಲ್ಲ.

ಹೊಸ ಕಾನೂನು ಎರಡು ಕಡೆ ಹಳೆಯದರಿಂದ ಬೇರೆಯಾಗುತ್ತದೆ. ಕಳ್ಳ ಕದ್ದನೆಂದು ಹೇಳಿ ಇಂದು ಕೈತೊಳೆದುಕೊಳ್ಳುವಂತಿಲ್ಲ. ತಕ್ಕ ಎಚ್ಚರ ವಹಿಸಿದ್ದೆಯಾ ಎಂದು ಮಂಡಳಿ ಕೇಳುತ್ತದೆ. ಇಲ್ಲವೆಂದಾದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಅದು ಗರಿಷ್ಠ ಮಿತಿ; ತಪ್ಪಿನ ಸ್ವರೂಪ, ಗಾಂಭೀರ್ಯ, ಎಷ್ಟು ಕಾಲ ನಡೆಯಿತು, ಮರುಕಳಿಸಿತೇ ಎಂಬುದನ್ನೆಲ್ಲ ತೂಗಿ ಮೊತ್ತವನ್ನು ನಿರ್ಧರಿಸಬೇಕೆಂದಿದೆ. ಆದುದರಿಂದ ತಪ್ಪಲಿನ ಹೋಂಸ್ಟೇಯವನು 250 ಕೋಟಿಯ ಅಂಕಿ ಕೇಳಿ ನಿದ್ದೆಗೆಡಬೇಕಿಲ್ಲ. ಇನ್ನೊಂದು ಭೇದ ಮನಸ್ಸಿಗೆ ಒಗ್ಗದ್ದು. ಸ್ಮೃತಿಯಲ್ಲಿ ವಸ್ತುವೂ ಅದರ ಲಾಭವೂ ಇಟ್ಟವನಿಗೇ ಮರಳುತ್ತಿದ್ದವು. ಈಗಿನ ದಂಡವೆಲ್ಲ ಭಾರತದ ಸಂಚಿತ ನಿಧಿಗೆ ಹೋಗುತ್ತದೆ; ವಿವರ ಕಳೆದುಕೊಂಡವನಿಗೆ ಈ ಕಾನೂನಿನಡಿ ಬಿಡಿಗಾಸೂ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಪ್ರಕರಣದಲ್ಲಿ ಅಂಥವನಿಗೆ ಪರಿಹಾರ ಕೇಳುವ ದಾರಿಯಾದರೂ ಇತ್ತು. ಅದನ್ನು ತೆಗೆದುಹಾಕಲು ಹೊಸ ಕಾನೂನಿನಲ್ಲೇ ಏರ್ಪಾಡಾಗಿದೆ.

ಇನ್ನು ನಾನು ಹೇಳಿದ ವಾಕ್ಯಕ್ಕೆ ಬರೋಣ. ವಿವರ ಪಡೆಯಲು ಸಮ್ಮತಿ ಬೇಕು. ಸಮ್ಮತಿ ಕೇಳುವ ಮುನ್ನ ಅಥವಾ ಕೇಳುವಾಗಲೇ ತಿಳಿವಳಿಕೆಯ ಪತ್ರ ಕೊಡಬೇಕು. ಯಾವ ಯಾವ ವಿವರ, ಯಾವ ಉದ್ದೇಶಕ್ಕೆ ಎಂಬುದು ಅದರಲ್ಲಿ ಬಿಡಿಬಿಡಿಯಾಗಿ, ಸರಳ ಭಾಷೆಯಲ್ಲಿರಬೇಕು. ಸಮ್ಮತಿ ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು; ಮೌನವನ್ನು ಸಮ್ಮತಿಯೆಂದು ಎಣಿಸುವಂತಿಲ್ಲ. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಉದ್ದೇಶಕ್ಕೆ ಬೇಕಾದಷ್ಟು ವಿವರಕ್ಕೆ ಮಾತ್ರ ಸಮ್ಮತಿ ಸಲ್ಲುತ್ತದೆ. ಮಿಕ್ಕದ್ದಕ್ಕೆ ಸಹಿ ಹಾಕಿಸಿಕೊಂಡಿದ್ದರೂ ಅದು ಸಲ್ಲದು. ಎಲ್ಲಕ್ಕಿಂತ ಹೆಚ್ಚಾಗಿ, ಸಂವಿಧಾನದ ಎಂಟನೆಯ ಅನುಸೂಚಿಯ ಇಪ್ಪತ್ತೆರಡು ಭಾಷೆಗಳಲ್ಲಿ ಯಾವುದರಲ್ಲಾದರೂ ಈ ತಿಳಿವಳಿಕೆಯನ್ನು ಓದುವ ಅವಕಾಶ ವ್ಯಕ್ತಿಗೆ ಇರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಇನ್ನು ಮೇಲೆ ಬರಿಯ ಭಾಷಾಭಿಮಾನದ ಮಾತಲ್ಲ. ಕಾನೂನಿನಲ್ಲಿ ಬರೆದಿಟ್ಟ ಹಕ್ಕು.

ಸಾಹಿತ್ಯಾಸಕ್ತರಾದ ತಾವು ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ನನ್ನ ವಿನಂತಿ. ನಮ್ಮ ಬ್ಯಾಂಕುಗಳ, ವಿಮೆಯ ಅರ್ಜಿಗಳ ಹಿಂಬದಿಯಲ್ಲಿ ಇರುವೆಸಾಲಿನಂತೆ ಅಚ್ಚಾದ ಕನ್ನಡವನ್ನು ತಾವು ಓದಿದ್ದೀರಿ. ಅಥವಾ ಓದಲಾಗದೆ ಬಿಟ್ಟಿದ್ದೀರಿ. ‘ತತ್ಸಂಬಂಧಿತ ದತ್ತಾಂಶ ಸಂಸ್ಕರಣೆಗೆ ಅನುಮತಿಸಲಾಗಿದೆ’ ಎಂಬಂಥ ಕನ್ನಡದಲ್ಲಿ ಪಡೆದ ಸಮ್ಮತಿ ಯಾರ ಸಮ್ಮತಿ? ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ತಿಳಿವಳಿಕೆ ಪತ್ರ ಕಾನೂನಿನ ಅಕ್ಷರವನ್ನು ಪಾಲಿಸಿ ಅದರ ಜೀವವನ್ನು ಕಳೆಯುತ್ತದೆ. ತಪ್ಪಲಿನ ಮನೆಯ ಯಜಮಾನ ಗೋಡೆಗೆ ಅಂಟಿಸಬಹುದಾದ ಪತ್ರ ಹೀಗಿರಬಾರದೇಕೆ?

“ನಿಮ್ಮ ಹೆಸರು, ಊರು, ಫೋನ್ ನಂಬರು, ಇಷ್ಟನ್ನು ನಮ್ಮ ಗಣಕದಲ್ಲಿ ಬರೆದುಕೊಳ್ಳುತ್ತೇವೆ. ಯಾವ ದಿನ ಯಾರು ತಂಗಿದ್ದರೆಂಬ ಲೆಕ್ಕಕ್ಕೆ ಇದು ಬೇಕು. ಕಾನೂನಿನಂತೆ ಕೇಳಿದಾಗ ಪೊಲೀಸರಿಗೆ ತೋರಿಸುತ್ತೇವೆ. ಗುರುತಿನ ಚೀಟಿಯನ್ನು ನೋಡಿ ನಿಮ್ಮ ಕೈಗೇ ಕೊಡುತ್ತೇವೆ, ಚಿತ್ರ ತೆಗೆಯುವುದಿಲ್ಲ. ಒಂದು ವರ್ಷವಾದ ಮೇಲೆ ಅಳಿಸುತ್ತೇವೆ. ಮುಂದಿನ ರಜೆಯ ಸಮಾಚಾರ ನಿಮಗೆ ಬೇಕಿದ್ದರೆ ಮಾತ್ರ ಇಲ್ಲಿ ಗುರುತು ಹಾಕಿ. ಆಮೇಲೆ ಬೇಡವೆನಿಸಿದರೆ ಇದೇ ನಂಬರಿಗೆ ‘ಬೇಡ’ ಎಂದು ಬರೆದರೆ ಸಾಕು. ದೂರಿದ್ದರೆ ಮನೆಯ ಯಜಮಾನರಿಗೆ ಹೇಳಿ. ಅಲ್ಲಿ ತೀರದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಬರೆಯಬಹುದು, ಹೇಗೆಂದು ನಾವೇ ತೋರಿಸುತ್ತೇವೆ.”

ಇದನ್ನು ಬರೆಯಲು ವಕೀಲರು ಬೇಕಿಲ್ಲ. ಆದರೆ ಬರೆಯಲು ಕುಳಿತಾಗ ಯಜಮಾನನಿಗೇ ಕೆಲವು ಸಂಗತಿ ಹೊಳೆಯುತ್ತವೆ. ಆಧಾರಿನ ಚಿತ್ರ ಏಕೆ ಬೇಕೆಂದು ಬರೆಯಲು ಅವನ ಬಳಿ ಮಾತಿಲ್ಲ. ಹುಟ್ಟಿದ ದಿನ ಏಕೆಂಬುದಕ್ಕೂ ಇಲ್ಲ. ವಾಕ್ಯ ಮುಗಿಯದ ಕಡೆ ಕೇಳಿಕೆಯೂ ನಿಲ್ಲಬೇಕು.

ಎಲ್ಲದಕ್ಕೂ ಸಮ್ಮತಿಪತ್ರವೇ ಬೇಕೆಂದು ಭಾವಿಸಿ ಗಾಬರಿಯಾಗುವುದೂ ಬೇಡ. ಕಾನೂನು ಕೆಲವು ನ್ಯಾಯವಾದ ಬಳಕೆಗಳನ್ನು ಸಮ್ಮತಿಯಿಲ್ಲದೆಯೇ ಒಪ್ಪುತ್ತದೆ. ಅದೇ ಕೊಡುವ ಉದಾಹರಣೆ ಔಷಧದಂಗಡಿಯದು. ಔಷಧ ಕೊಂಡವಳು ರಸೀದಿಯನ್ನು ತನ್ನ ಫೋನಿಗೆ ಕಳಿಸಿರೆಂದು ತಾನಾಗಿ ನಂಬರು ಕೊಟ್ಟರೆ ಅಂಗಡಿಯವನು ರಸೀದಿ ಕಳಿಸಬಹುದು. ರಸೀದಿಗೆಂದು ಕೊಟ್ಟ ನಂಬರಿಗೆ ಸಕ್ಕರೆ ಕಾಯಿಲೆಯ ಪುಡಿಯ ಜಾಹೀರಾತು ಕಳಿಸಲು ಮಾತ್ರ ಅದು ಅಪ್ಪಣೆಯಲ್ಲ. ‘ಅವಳು’ ಎಂದು ನಾನು ಬೇಕೆಂದೇ ಹೇಳಿದೆ. ಈ ಕಾನೂನಿನ ಇಂಗ್ಲಿಷ್ ಪಠ್ಯ ವ್ಯಕ್ತಿಯನ್ನು ಉದ್ದಕ್ಕೂ ಸ್ತ್ರೀಲಿಂಗದಲ್ಲಿಯೇ ಕರೆಯುತ್ತದೆ. ಗಂಡಸೂ ಅದರಲ್ಲಿ ಅಡಕ. ಅಲಂಕಾರಕ್ಕೆಂದು ಮಾಡಿದ್ದಿರಬಹುದು; ಆದರೆ ವಿವರ ಸೋರಿದಾಗ ಪೆಟ್ಟು ಹೆಚ್ಚು ಬೀಳುವುದು ಹೆಣ್ಣಿಗೇ ಎಂಬುದು ನಿಜ. ಉತ್ತರ ಪ್ರದೇಶದ ಕೆಲವು ರೀಚಾರ್ಜ್ ಅಂಗಡಿಗಳಲ್ಲಿ ಹೆಂಗಸರ ನಂಬರುಗಳು ಹಣಕ್ಕೆ ಮಾರಾಟವಾಗುತ್ತಿದ್ದವೆಂದು 2017ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಅಂಗಡಿಗೆ ಹೋಗಿ ಹತ್ತು ಅಂಕಿ ಹೇಳಿದವಳಿಗೆ ರಾತ್ರಿಯ ಕರೆಗಳು ಎಲ್ಲಿಂದ ಬಂದವೆಂದು ತಿಳಿಯುವುದಾದರೂ ಹೇಗೆ?

ಬಿಲ್ಲಿಗೆ ನಂಬರು ಕಡ್ಡಾಯವೆಂದು ಒತ್ತಾಯಿಸುವ ಅಂಗಡಿಗಳಿವೆ. ಹಾಗೆ ಒತ್ತಾಯಿಸುವುದು ಅನ್ಯಾಯದ ವ್ಯಾಪಾರ ಪದ್ಧತಿಯೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ತಿಳಿಸಿತ್ತು. ಹೊಸ ಕಾನೂನಿನ ಗಡುವಿಗೆ ಕಾಯದೆ ಈ ಅಭ್ಯಾಸವನ್ನು ನಾಳೆಯೇ ಬಿಡಬಹುದು.

ಮಂಡಿಯ ಸಂಗತಿ ಇದಕ್ಕಿಂತ ಸೂಕ್ಷ್ಮ. ಟೊಮೇಟೊ ತಂದ ರೈತನ ಹೆಸರು, ಊರು, ಬ್ಯಾಂಕ್ ಖಾತೆ ಇವಿಲ್ಲದೆ ಮಂಡಿ ನಡೆಯದು; ಹಣ ಸಂದಾಯಕ್ಕೆಂದು ರೈತನೇ ಕೊಟ್ಟಿರುತ್ತಾನೆ. ಆದರೆ ಮಂಡಿಯವನ ಬಳಿ ಇರುವುದು ಅಷ್ಟೇ ಅಲ್ಲ. ಯಾರು ಮುಂಗಡ ಪಡೆದಿದ್ದಾರೆ, ಯಾರ ಬೆಳೆ ನೆಲಕಚ್ಚಿತು, ಯಾರ ಮನೆಯಲ್ಲಿ ಮದುವೆಯ ಖರ್ಚು ಬಂತು ಎಂಬುದೆಲ್ಲ ಅವನ ಖಾತೆಯಿಂದ ಓದಬಹುದು. ಹಿಂದೆ ಅದು ಪುಸ್ತಕದಲ್ಲಿತ್ತು, ಪುಸ್ತಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿತ್ತು. ಈಗ ಅದು ಒಂದು ಒತ್ತಿಗೆ ಬೀಜದ ಕಂಪನಿಗೋ ಸಾಲದ ಕಂಪನಿಗೋ ಹೋಗಬಲ್ಲದು. ಸಾಲದವನಿಗೆ ರೈತ ಬೇಡುವ ಮೊದಲೇ ಅವನ ಕಷ್ಟ ತಿಳಿದಿದ್ದರೆ ಬಡ್ಡಿ ಹೇಗೆ ನಿಗದಿಯಾದೀತೆಂದು ಬೇರೆ ಹೇಳಬೇಕಿಲ್ಲ. ಹಣ ಸಂದಾಯಕ್ಕೆ ಕೊಟ್ಟದ್ದನ್ನು ಹಣ ಸಂದಾಯಕ್ಕೇ ಬಳಸು ಎಂಬ ಕಾನೂನಿನ ನೀರಸ ನುಡಿಯ ಹಿಂದೆ ಈ ಬಡ್ಡಿಯ ಲೆಕ್ಕವಿದೆ.

ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರಿಗೂ ಗೌರಿಬಿದನೂರಿನ ಕಾರ್ಖಾನೆಗಳಿಗೂ ಇರುವುದು ಮುಖ್ಯವಾಗಿ ಕೆಲಸಗಾರರ ವಿವರ. ಉದ್ಯೋಗಕ್ಕೆ ಸಂಬಂಧಿಸಿದಷ್ಟಕ್ಕೆ ಪ್ರತ್ಯೇಕ ಸಮ್ಮತಿ ಬೇಡ. ಹಾಜರಿಗೆ ಬೆರಳಚ್ಚು ಪಡೆಯುವವರು ಅದನ್ನು ಹಾಜರಿಗಷ್ಟೇ ಬಳಸಲಿ. ಟ್ಯೂಷನ್ ನಡೆಸುವವರು ಮಾತ್ರ ಹೆಚ್ಚು ಎಚ್ಚರದಿಂದಿರಬೇಕು. ಹದಿನೆಂಟು ತುಂಬದವರೆಲ್ಲ ಈ ಕಾನೂನಿನಲ್ಲಿ ಮಕ್ಕಳೇ. ಅವರ ವಿವರಕ್ಕೆ ತಂದೆತಾಯಿಯ, ಪರಿಶೀಲಿಸಬಹುದಾದ ಸಮ್ಮತಿ ಬೇಕು. ಪಾಠಕ್ಕೆ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದಷ್ಟಕ್ಕೆ ವಿದ್ಯಾಸಂಸ್ಥೆಗಳಿಗೆ ವಿನಾಯಿತಿಯಿದೆ; ಜಾಹೀರಾತಿಗೆ ಇಲ್ಲ. ಪ್ರತಿ ಮೇ ತಿಂಗಳು ನಮ್ಮ ವೃತ್ತಗಳಲ್ಲಿ ಎದ್ದು ನಿಲ್ಲುವ ಫ್ಲೆಕ್ಸುಗಳಲ್ಲಿ ಹತ್ತನೆಯ ತರಗತಿಯ ಹುಡುಗಿಯ ಮುಖ, ಹೆಸರು, ಅಂಕ, ತಂದೆಯ ಹೆಸರು ಇವನ್ನೆಲ್ಲ ಮುದ್ರಿಸುವವರು ಮನೆಯವರನ್ನು ಕೇಳಿರುತ್ತಾರೆಯೇ?

ಆಧಾರಿನ ಪ್ರತಿಯ ಬಗೆಗೆ ಒಂದು ಹಳೆಯ ಪ್ರಸಂಗವನ್ನು ನೆನಪಿಸಿಕೊಳ್ಳುವುದು ಉಪಯುಕ್ತ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಪ್ರಕಟಣೆಯೊಂದನ್ನು ಹೊರಡಿಸಿತು. ಆಧಾರಿನ ನಕಲನ್ನು ಕಂಡಕಂಡವರಿಗೆ ಕೊಡಬೇಡಿ, ಪರವಾನಗಿಯಿಲ್ಲದ ಹೋಟೆಲು ಚಿತ್ರಮಂದಿರಗಳು ಅದನ್ನು ಇಟ್ಟುಕೊಳ್ಳುವಂತಿಲ್ಲ, ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಕೊಡಿ ಎಂದು ಅದರಲ್ಲಿತ್ತು. ದೇಶವೆಲ್ಲ ಗಾಬರಿಯಾಯಿತು. ಎರಡೇ ದಿನಕ್ಕೆ, ತಪ್ಪರ್ಥಕ್ಕೆ ಎಡೆಯಾಗುತ್ತದೆಂಬ ಕಾರಣ ಹೇಳಿ, ದಿಲ್ಲಿ ಅದನ್ನು ಹಿಂದೆಗೆದುಕೊಂಡಿತು. ಜನ ಎಂದಿನ ವಿವೇಕದಿಂದ ನಡೆದುಕೊಂಡರೆ ಸಾಕೆಂದಿತು. ಎಂದಿನ ವಿವೇಕವೆಂದರೆ ಯಾವುದು ಎಂಬುದನ್ನು ಮಾತ್ರ ಬಿಡಿಸಿ ಹೇಳಲಿಲ್ಲ. ಪ್ರಕಟಣೆ ಹೋದರೂ ಮುಸುಕಿನ ಆಧಾರ್ ಉಳಿದಿದೆ. ಅದನ್ನು ಪ್ರಾಧಿಕಾರದ ಜಾಲತಾಣದಿಂದ ಯಾರೂ ಇಳಿಸಿಕೊಳ್ಳಬಹುದು. ಮುಸುಕಿನದನ್ನು ಕೊಟ್ಟ ಗಿರಾಕಿಯ ಮೇಲೆ ಕಣ್ಣು ಕೆಂಪಗೆ ಮಾಡದಿರುವುದೂ ವರ್ತಕನ ಸಿದ್ಧತೆಯ ಒಂದು ಭಾಗ.

ಪಡೆದದ್ದನ್ನು ಎಷ್ಟು ಕಾಲ ಇಡಬೇಕೆಂಬುದು ಮುಂದಿನ ಪ್ರಶ್ನೆ. ಕೆಲಸ ಮುಗಿದ ಮೇಲೆ ಅಳಿಸಬೇಕೆಂಬುದು ಕಾನೂನಿನ ಆಶಯ. ಬೇರೊಂದು ಕಾನೂನು ಇಡು ಎಂದಿದ್ದರೆ ಇಡಬೇಕು. ತೆರಿಗೆಯ ಲೆಕ್ಕಪತ್ರಗಳನ್ನು ಜಿಎಸ್‌ಟಿ ಕಾಯ್ದೆಯಂತೆ, ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ ಎಪ್ಪತ್ತೆರಡು ತಿಂಗಳು ಕಾಪಾಡಬೇಕು. ಅದಕ್ಕೆ ಹೊಸ ಕಾನೂನು ಅಡ್ಡಿಯಲ್ಲ. ಆದರೆ ಹೊಸ ನಿಯಮಗಳೇ ಒಂದು ತೊಡಕನ್ನು ತಂದಿಟ್ಟಿವೆ. ಪಡೆದ ವಿವರವನ್ನೂ ಅದರ ಬಳಕೆಯ ದಾಖಲೆಯನ್ನೂ ಕನಿಷ್ಠ ಒಂದು ವರ್ಷ ಇಟ್ಟಿರಬೇಕು, ಸರ್ಕಾರ ಕೇಳಿದರೆ ಒದಗಿಸಲು. ಒಂದು ಕೈಯಲ್ಲಿ ಅಳಿಸು ಎನ್ನುವುದು, ಇನ್ನೊಂದು ಕೈಯಲ್ಲಿ ಇಟ್ಟುಕೋ ಎನ್ನುವುದು! ಈ ವಿರೋಧದಿಂದ ಸಣ್ಣ ವರ್ತಕ ಕಲಿಯಬಹುದಾದದ್ದು ಒಂದಿದೆ. ತೆಗೆದುಕೊಂಡರೆ ಒಂದು ವರ್ಷ ಕಾವಲು ಕಾಯಬೇಕು. ತೆಗೆದುಕೊಳ್ಳದಿದ್ದರೆ ಕಾಯುವ ಗೋಜೇ ಇಲ್ಲ. ಕಾನೂನಿಗೆ ಮೊದಲೇ ಸಮ್ಮತಿ ಪಡೆದು ಕೂಡಿಹಾಕಿದ ರಾಶಿಗೂ ಬಿಡುವಿಲ್ಲ. ಆ ಜನರಿಗೂ ಸಾಧ್ಯವಾದಷ್ಟು ಬೇಗ ತಿಳಿವಳಿಕೆ ಪತ್ರ ಕಳಿಸಬೇಕು. ಎಂಟು ವರ್ಷದ ಹಿಂದೆ ಸೀರೆ ಕೊಂಡವಳಿಗೆ ಪತ್ರ ಬರೆಯುವುದಕ್ಕಿಂತ, ಗಡುವು ಬರುವ ಮೊದಲೇ ಅವಳ ನಂಬರನ್ನು ಅಳಿಸುವುದು ಮೇಲಲ್ಲವೇ?

ಸೋರಿಕೆಯಾದರೆ ಏನು ಮಾಡಬೇಕು? ಬೆಂಗಳೂರಿನ ದಿನಸಿ ಮಾರಾಟದ ಕಂಪನಿ ಬಿಗ್‌ಬಾಸ್ಕೆಟ್‌ನ ಸುಮಾರು ಎರಡು ಕೋಟಿ ಗ್ರಾಹಕರ ವಿವರಗಳು ಕಳ್ಳಸಂತೆಯಲ್ಲಿ ಮಾರಾಟಕ್ಕಿವೆಯೆಂದು 2020ರ ನವೆಂಬರಿನಲ್ಲಿ ಸುರಕ್ಷತಾ ಸಂಸ್ಥೆಯೊಂದು ಹೊರಗೆಡವಿತು. ಕಂಪನಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. ತನ್ನ ವಿವರ ಹೋಯಿತೆಂದು ತನಗೇ ಹೇಳಬೇಕೆಂದು ಕೇಳುವ ಹಕ್ಕು ಆಗ ಗ್ರಾಹಕನಿಗೆ ಇರಲಿಲ್ಲ. ಇನ್ನು ಮೇಲೆ ಹಾಗಲ್ಲ. ಯಾರ ವಿವರ ಸೋರಿತೋ ಅವರೆಲ್ಲರಿಗೂ ತಡಮಾಡದೆ ತಿಳಿಸಬೇಕು. ಮಂಡಳಿಗೂ ಕೂಡಲೇ ಹೇಳಿ, ಎಪ್ಪತ್ತೆರಡು ಗಂಟೆಯೊಳಗೆ ಪೂರ್ಣ ವಿವರ ಕೊಡಬೇಕು. ತಿಳಿಸದೆ ಮುಚ್ಚಿಟ್ಟರೆ ಅದಕ್ಕೇ ಬೇರೆ ದಂಡ, 200 ಕೋಟಿಯವರೆಗೆ. ಬಸ್ಸಿನಲ್ಲಿ ಫೋನು ಕಳೆದುಕೊಂಡ ಹೋಂಸ್ಟೇ ಯಜಮಾನನಿಗೂ ಇದೇ ಮಾತು. ಫೋನಿಗೆ ಬೀಗ, ವ್ಯಾಪಾರಕ್ಕೆ ಬೇರೆಯೇ ಫೋನು, ಗಣಕ ತೆರೆಯಲು ಯಾರಿಗೆ ಅಧಿಕಾರ ಎಂಬ ಕಟ್ಟುಪಾಡು, ಇವು ದುಬಾರಿಯ ಕೆಲಸಗಳಲ್ಲ. ಲೆಕ್ಕದ ತಂತ್ರಾಂಶವನ್ನು ಹೊರಗಿನವರಿಂದ ಬಾಡಿಗೆಗೆ ಪಡೆದಿದ್ದರೆ ಅವರೊಡನೆ ಬರಹದ ಒಪ್ಪಂದವಿರಲಿ. ಅವರು ಮಾಡಿದ ತಪ್ಪಿಗೂ ಕಾನೂನು ಹಿಡಿಯುವುದು ವರ್ತಕನ ಕೈಯನ್ನೇ.

ಇಷ್ಟು ಹೇಳಿದ ಮೇಲೆ ಈ ಕಾನೂನನ್ನು ಬರಿದೆ ಹೊಗಳಿದೆನೆಂದು ತಿಳಿಯಬಾರದು. ಸಣ್ಣ ಅಂಗಡಿಯವನಿಗೆ ಇಷ್ಟು ಕಟ್ಟಳೆ ಹಾಕುವ ಇದು ಸರ್ಕಾರಕ್ಕೆ ಮಾತ್ರ ಅಗಲವಾದ ಬಾಗಿಲು ತೆರೆದಿಟ್ಟಿದೆ. ಕೇಂದ್ರ ಸರ್ಕಾರ ತನ್ನ ಯಾವ ಅಂಗವನ್ನಾದರೂ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಂದ ಇದರ ಹೊರಗಿಡಬಹುದು. ಮಾಹಿತಿ ಹಕ್ಕು ಕಾಯ್ದೆಯ 8ನೆಯ ಪ್ರಕರಣದಲ್ಲಿದ್ದ ಒಂದು ವಿವೇಚನೆಯ ಮಾತನ್ನೂ ಇದು ಅಳಿಸಿತು. ವೈಯಕ್ತಿಕವೆಂಬ ಒಂದೇ ಕಾರಣಕ್ಕೆ ಅಧಿಕಾರಿ ಈಗ ಸುಲಭವಾಗಿ ಬಾಯಿ ಮುಚ್ಚಿಕೊಳ್ಳಬಹುದು. ಪುಟ್ಟಸ್ವಾಮಿಯವರು ಕೋರ್ಟಿಗೆ ಹೋದದ್ದು ಅಂಗಡಿಯವನ ವಿರುದ್ಧವಲ್ಲ, ಸರ್ಕಾರದ ವಿರುದ್ಧ ಎಂಬುದನ್ನು ಮರೆಯಲಾಗದು. ಹೊಸ ಉದ್ಯಮಗಳೂ ಸೇರಿದಂತೆ ಕೆಲವು ವರ್ಗಗಳಿಗೆ ಕೆಲವು ಪ್ರಕರಣಗಳಿಂದ ವಿನಾಯಿತಿ ಕೊಡುವ ಅಧಿಕಾರವೂ ಕೇಂದ್ರಕ್ಕಿದೆ. ಆದರೆ ಭದ್ರತೆಯ ಹೊಣೆ ಆ ವಿನಾಯಿತಿಯ ಪಟ್ಟಿಯಲ್ಲಿಲ್ಲ.

ಕಳೆದ ಮಾಗಿಯಲ್ಲಿ ತಂಗಿಯ ಮಗನೊಡನೆ ನಾನೂ ಆ ತಪ್ಪಲಿಗೆ ಹೋಗಿದ್ದೆ. ಬೆಟ್ಟ ಹತ್ತುವ ಹುಮ್ಮಸ್ಸು ಅವನದು; ನನ್ನದು ಕೆಳಗೆ ಕುಳಿತು ನೋಡುವ ಪಾಲು. ತಂಗಿದ ಮನೆಯ ಹಿರಿಯರು ನಮ್ಮ ಚೀಟಿಗಳನ್ನು ಕನ್ನಡಕ ಏರಿಸಿ ನೋಡಿದರು, ಉದ್ದನೆಯ ನೋಟುಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡರು, ಚೀಟಿಗಳನ್ನು ಕೈಗೆ ಮರಳಿಸಿದರು. ನನಗೆ ಬಹಳ ಸಂತೋಷವಾಯಿತು. ಕಾನೂನು ಇಷ್ಟು ಬೇಗ ಇಲ್ಲಿಗೂ ಬಂತೇ ಎಂದು, “ಎಲ್ಲರೂ ಫೋನಿನಲ್ಲಿ ಫೋಟೋ ತೆಗೀತಾರಲ್ಲ ಯಜಮಾನರೇ, ನೀವು ಬಿಟ್ಟಿರಿ?” ಎಂದು ಕೇಳಿದೆ.

“ಎಲ್ಲಿ ತೆಗೆಯೋದು ಸಾಮಿ, ಫೋನ್ನಾಗೆ ಜಾಗಾನೇ ಇಲ್ಲ. ಮೊಮ್ಮಗಳ ಫೋಟೋಗೇ ಸಾಲ್ತಿಲ್ಲ” ಎಂದು ಅವರು ನೀರು ಕಾಯಿಸಲು ಒಳಗೆ ಹೋದರು.